ಒಣಗಿದಂತೆ ಕಾಣುವ ಗೋಡೆ

ಎಡಕ್ಕೆ ಹೊರಳಿ, ಮಂಡಿ ಎದೆಗೆ ತನ್ನಿ
ಎನ್ನುತ್ತಾಳೆ ನರ್ಸ್ ಸುನ್ವಾ.
ಅವಳಮ್ಮನೂ ನಾನೂ ಶಾಲೆಯಲ್ಲಿ ಒಂದೇ ಬೆಂಚು.
ಫ್ಯಾರೋ ದ್ವೀಪಗಳಲ್ಲಿ
ಬೆನ್ನು ತೋರಿಸಲು ಅಪರಿಚಿತರೇ ಸಿಗುವುದಿಲ್ಲ.

ನಿನ್ನೆ ರಾತ್ರಿಯಿಡೀ
ಉಪ್ಪುನಿಂಬೆಯ ಆ ನೀರು, ಲೋಟದ ಮೇಲೆ ಲೋಟ,
ಎರಡು ಲೀಟರ್, ಮೂಗು ಹಿಡಿದುಕೊಂಡು.
ಕಡೆಗೆ ಹೊರಬಂದದ್ದು ಸೋಸಿದ ಮಳೆನೀರಿನಂಥದು.
ಬೆಳಗಿನ ನಾಲ್ಕಕ್ಕೆ ಬಚ್ಚಲ ಕಿಟಕಿಯಾಚೆ
ಒಂದು ಕುರಿ ಮೆಲುಕು ಹಾಕುತ್ತ ನನ್ನನ್ನೇ ನೋಡುತ್ತಿತ್ತು.
ಅದರ ಹೊಟ್ಟೆಗೆ ನಾಲ್ಕು ಕೋಣೆ.
ಒಂದರಿಂದಲೂ ತಕರಾರಿಲ್ಲ.

ನನ್ನ ಕೆಲಸ ಹೇಳಿದರೆ ನಗುತ್ತೀರಿ:
ಕಡಲ ತಳದ ಸುರಂಗಗಳ ತಪಾಸಣೆ.
ವಾಹನ ನಿಲ್ಲಿಸಿದ ಮೇಲೆ, ರಾತ್ರಿ ಒಂದರಿಂದ ಐದು.
ತಲೆದೀಪ, ಸುತ್ತಿಗೆ, ಸೀಮೆಸುಣ್ಣ.
ಬಂಡೆಗೆ ತಟ್ಟಿ ಕಿವಿಗೊಡುತ್ತೇನೆ.
ಗಟ್ಟಿಯಾದದ್ದು ಠಣ್ ಎನ್ನುತ್ತದೆ,
ಪೊಳ್ಳಾದದ್ದು ಖಾಲಿ ಪೀಪಾಯಿಯ ಹಾಗೆ ಬೊದ್.
ಇಪ್ಪತ್ತೆರಡು ವರ್ಷ, ತಲೆಯ ಮೇಲೆ ಇಡೀ ಅಟ್ಲಾಂಟಿಕ್.
ಗೋಡೆಯಲ್ಲಿ ತೇವ ಕಂಡರೆ
ಬೆರಳಲ್ಲಿ ಒರೆಸಿ ನಾಲಿಗೆಗಿಟ್ಟು ನೋಡುತ್ತೇನೆ.
ಸಪ್ಪೆಯಾದರೆ ಮಳೆ.
ಉಪ್ಪಾದರೆ ಫೋನು.

ಈಗ ರೋಕುರ್ ಡಾಕ್ಟರ ಸರದಿ.
ಅವರ ಕಪ್ಪು ಕೊಳವೆಯ ತುದಿಗೂ ಒಂದು ತಲೆದೀಪ.
ತೆರೆಯ ಮೇಲೆ ನಾನು, ಆದರೆ ನನಗೇ ಗುರುತು ಸಿಗದ ನಾನು:
ತಿರುವು, ಮಡಿಕೆ, ಹೊಳೆವ ಗುಲಾಬಿ ಛಾವಣಿ,
ಎಲೆಯ ಬೆನ್ನಿನಂತೆ ಸಣ್ಣ ಕೆಂಪು ನರಗಳು.
“ನರ ಕಂಡರೆ ಒಳ್ಳೆಯದು,” ಎಂದರು.
“ಗೋಡೆ ಊದಿದರೆ ಅವು ಮುಳುಗುತ್ತವೆ.”
ಗಾಳಿ ತುಂಬಿ ಹೊಟ್ಟೆ ಬಿರಿಯುವಂತಾಯಿತು,
ಸುನ್ವಾ ಅಂಗೈ ಒತ್ತಿ ಹಿಡಿದಳು.
ಇನ್ನೂ ಮುಂದೆ ಹೋದರು.
ನರಗಳು ಮುಳುಗಿದವು.

ಅಲ್ಲಿ, ತಿರುವಿನಾಚೆ,
ಯಾರೋ ಸಿಗರೇಟು ಒತ್ತಿ ಆರಿಸಿದಂಥ ಕುಳಿಗಳು,
ನಡುವೆ ಬಿಳಿ, ಸುತ್ತ ಕೆಂಪು.
ಪುಟ್ಟ ಇಕ್ಕುಳ ಬಾಯಿ ತೆರೆದು
ನುಚ್ಚಿನಷ್ಟು ಚಿವುಟಿಕೊಂಡಿತು.
ನೋವಾಗಲಿಲ್ಲ. ಹೆದರಿಸಿದ್ದೇ ಅದು:
ನನ್ನದೇ ಮಾಂಸ, ನನಗೊಂದು ಮಾತೂ ಹೇಳದೆ ಹೋಯಿತು.

“ಆದರೆ ನಾನು ಚೆನ್ನಾಗಿದ್ದೇನಲ್ಲ?”
ಎಂಟು ತಿಂಗಳಿಂದ ರಕ್ತವಿಲ್ಲ, ಓಟವಿಲ್ಲ.
ಗಾಳಿಗೆ ನೇತುಹಾಕಿದ ಕುರಿಮಾಂಸ
ಅಕ್ಕನ ಕೊಟ್ಟಿಗೆಯಲ್ಲಿ ಕದ್ದು ತಿಂದೆ, ಏನೂ ಆಗಲಿಲ್ಲ.
ಜೂನಿನಲ್ಲೇ ಮಾತ್ರೆಯ ಡಬ್ಬಿ
ಉಣ್ಣೆಯ ಕಾಲುಚೀಲಗಳಡಿ ಸೇರಿತ್ತು.
ಅದನ್ನು ಮಾತ್ರ ಹೇಳಲಿಲ್ಲ.

ಅವರು ಹೋದ ವಾರದ ಅಲ್ಟ್ರಾಸೌಂಡ್ ಚಿತ್ರ ತೆಗೆದರು.
ಬೂದುಮಂಜಿನ ನಡುವೆ ಕರುಳಿನ ಗೋಡೆ:
ಮೂರು ಮಿಲಿಮೀಟರ್ ದಾಟಬಾರದ್ದು, ಆರು.
ಅದರೊಳಗೆ ರಕ್ತ ಚುಕ್ಕಿಚುಕ್ಕಿಯಾಗಿ ಬೆಳಗುತ್ತಿತ್ತು,
ದಡದಿಂದ ಕಂಡ ರಾತ್ರಿದೋಣಿಗಳು.

ಕರುಳು ಚುರ್ ಎಂದರೆ ನಂಬಬೇಕು ಅನ್ನುತ್ತಾರೆ.
ಸುಮ್ಮನಿದ್ದರೆ?
ಅದು ಸುಳ್ಳು ಹೇಳುತ್ತಿತ್ತೋ,
ಹೇಳಿ ಹೇಳಿ ಸಾಕಾಗಿ ಬಾಯಿ ಮುಚ್ಚಿತ್ತೋ.

ಒಮ್ಮೆ ಹೀಗೇ ಒಂದು ಗೋಡೆ, ಬೆಣಚಿನಂತೆ ಒಣಗಿತ್ತು.
ಮನೆಗೆ ಹೋಗುವ ಆತುರ, ತಟ್ಟಲಿಲ್ಲ.
‘ಒಣ’ ಎಂದು ಬರೆದು ಸಹಿ ಹಾಕಿದೆ.
ಹತ್ತು ದಿನಕ್ಕೆ ಹಾಲಿನ ವ್ಯಾನಿನ ಮೂತಿಯ ಮೇಲೆ
ಮೇಜಿನಗಲದ ಚಪ್ಪಡಿ.
ಚಾಲಕ ಬದುಕಿದ. ಹಾಲು ಉಳಿಯಲಿಲ್ಲ.
ಆ ಕಾಗದ ಇವತ್ತಿಗೂ ಕಚೇರಿಯಲ್ಲಿದೆ, ನನ್ನ ಅಕ್ಷರದಲ್ಲಿ.

ಡಬ್ಬಿಯ ವಿಷಯ ಹೇಳಿಬಿಟ್ಟೆ.
ರೋಕುರ್ ಬೈಯಲಿಲ್ಲ, ಬರೆದುಕೊಂಡರು.
ಸುನ್ವಾ ಸೀಲಿಂಗ್ ನೋಡಿದಳು,
ಅಮ್ಮನಿಗೆ ಹೇಳುವುದಿಲ್ಲ ಎನ್ನುವಂತೆ.

ಸಂಜೆ ಅಕ್ಕ ಓಲುವಾ
ಅಡುಗೆಮನೆಯ ಮೇಜಿನ ಮೇಲಿದ್ದ ಚಿತ್ರ ಎತ್ತಿ
ದೀಪಕ್ಕೆ ಹಿಡಿದಳು: “ಎಷ್ಟು ಚಂದ!
ಯಾವ ದ್ವೀಪದ ಗುಹೆ ಇದು?”

ಹತ್ತಿರದ್ದೇ, ಎಂದೆ.
ನೀರು ಬಗ್ಗಿಸಿ ಮಾತ್ರೆ ನುಂಗಿದೆ.